ಮೂರು ಸಲ ಸತ್ತವನ ಕೊರಳಿಗೆ ಪದಕ

ಖಡ್ಗಸ್ಪರ್ಧೆಗಳ ನಿಯಮ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನಾನು ಎಲ್ವೀರಾ ಬೊನ್ಫಿಲ್ಯೋಲಿ, ಬೊಲೋನ್ಯಾದ ಹಳೆಯ ಖಡ್ಗಶಾಲೆಯವಳು. ನನ್ನ ಗಂಡ ಪುರಾತನ ಗುರುಗಳ ಗ್ರಂಥಗಳನ್ನು ಓದಿ ಓದಿ ಕಟ್ಟಿದ ಶಾಲೆ ಇದು. ಅವರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಹೈಸ್ಕೂಲಿನಾಚೆ ಓದಿದವಳಲ್ಲ. ಆದರೆ ನಿಮ್ಮ ಸಮಿತಿಯ ಅರ್ಧ ಮಂದಿ ಖಡ್ಗವನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಕಲಿತದ್ದು ನಮ್ಮ ನೆಲದ ಮೇಲೆ. ನೀವು ಈ ವರ್ಷ ಬರೆದ ನಿಯಮಗಳು ಸುಳ್ಳುಗಾರನನ್ನು ಗೆಲ್ಲಿಸಿವೆ. ಅವನು ನನ್ನ ಮೊಮ್ಮಗ.

ನಮ್ಮ ಶಾಲೆಯಲ್ಲಿ ಏಟು ತಿಂದವರು ತಾವೇ ಕೈ ಎತ್ತಿ 'ತಾಗಿತು' ಎನ್ನಬೇಕು. ತೀರ್ಪುಗಾರ ನೋಡಿರಲಿ, ಬಿಡಲಿ. ಖಡ್ಗ ಹರಿತವಾಗಿದ್ದಿದ್ದರೆ ಏನಾಗುತ್ತಿತ್ತು ಎಂಬುದು ಮೈಗೆ ಗೊತ್ತಿರುತ್ತದೆ. ನೀವು ಅದನ್ನು ಅಪರಾಧ ಮಾಡಿದಿರಿ. ಕೈ ಎತ್ತುವುದು ತೀರ್ಪುಗಾರರ ಮೇಲೆ ಪ್ರಭಾವ ಬೀರಿದಂತೆ, ಅದಕ್ಕೆ ದಂಡವಾಗಿ ಎದುರಾಳಿಗೆ ಒಂದು ಅಂಕ! ಅಷ್ಟಕ್ಕೇ ತೃಪ್ತಿಯಾಗದೆ ಇನ್ನೊಂದು ನಿಯಮವನ್ನೂ ಹೆತ್ತಿರಿ. ಇಬ್ಬರಿಗೂ ಒಟ್ಟಿಗೆ ಏಟು ಬಿದ್ದರೆ ಅಂಕವಿಲ್ಲ. ಹಾಗೆ ಮೂರು ಸಲವಾದರೆ ಆಟ ನಿಲ್ಲಬೇಕು, ಆಗ ಮುಂದಿದ್ದವರೇ ವಿಜಯಿ. ಅಂದರೆ ಒಂದು ಅಂಕ ಮುಂದಿರುವವನು ಮತ್ತೇನೂ ಮಾಡಬೇಕಿಲ್ಲ, ಎದುರಾಳಿಯ ಖಡ್ಗದ ಮೇಲೆ ಹೋಗಿ ಬಿದ್ದರೆ ಸಾಕು. ಹಿಂದಿನ ಕಾಲದಲ್ಲಿ ಹೀಗೆ ಕಾದಾಡಿದವರನ್ನು ಏನೆನ್ನುತ್ತಿದ್ದರು ಗೊತ್ತೇ? ಹೆಣ ಎನ್ನುತ್ತಿದ್ದರು. ನೀವು ಚಾಂಪಿಯನ್ ಎನ್ನುತ್ತೀರಿ.

ಕಳೆದ ತಿಂಗಳ ಫೈನಲ್ ನಿಮ್ಮ ಕಣ್ಣೆದುರೇ ನಡೆಯಿತು. ಒಂದು ಕಡೆ ನನ್ನ ಮೊಮ್ಮಗ ಎರ್ಮೆಸ್. ನನ್ನ ನಂತರ ಶಾಲೆ ಅವನದಾಗಬೇಕಿತ್ತು. ಇನ್ನೊಂದು ಕಡೆ ನಮ್ಮ ಬೀದಿಯ ಬೇಕರಿಯವರ ಮಗಳು ಇಲೇನಿಯಾ, ನಮ್ಮಲ್ಲೇ ಕಲಿತವಳು. ಸಮಸಮವಾಗಿದ್ದರು. ಎರ್ಮೆಸ್‌ನ ಖಡ್ಗದ ತುದಿ ಅವಳ ತೊಡೆಯನ್ನು ಸವರಿತು. ಒಬ್ಬ ತೀರ್ಪುಗಾರನೂ ಬಾವುಟ ಎತ್ತಲಿಲ್ಲ. ಅವಳು ಅಭ್ಯಾಸಬಲದಿಂದ ಕೈ ಎತ್ತಿ 'ತಾಗಿತು' ಎಂದಳು. ದಂಡ ಬಿತ್ತು, ಎರ್ಮೆಸ್ ಒಂದು ಅಂಕ ಮುಂದಾದ. ಮರುಕ್ಷಣ ಅವಳ ಖಡ್ಗ ಅವನ ಮುಂಗೈಗೆ ಬಡಿಯಿತು. ಆ ಸದ್ದು ಹಿಂದಿನ ಸಾಲಿನಲ್ಲಿದ್ದ ನನಗೇ ಕೇಳಿಸಿತು. ತೀರ್ಪುಗಾರರು ಅತ್ತ ಇತ್ತ ನೋಡಿದರು. ಎರ್ಮೆಸ್ ಕೈ ಎತ್ತಲಿಲ್ಲ. ಆಮೇಲೆ ಗೂಳಿಯಂತೆ ಅವಳ ಮೇಲೆ ನುಗ್ಗಿದ, ಮತ್ತೆ ನುಗ್ಗಿದ, ಪ್ರತಿ ಸಲವೂ ಇಬ್ಬರಿಗೂ ಒಟ್ಟಿಗೆ ಏಟು. ಮೂರನೆಯ ಸಲ ಅವಳ ಎಡ ಮಣಿಕಟ್ಟು ಮುರಿಯಿತು, ಆಟ ನಿಂತಿತು, ಅವನು ಗೆದ್ದ. ಆ ಹುಡುಗಿ ಆ ಮುರಿದ ಕೈಯನ್ನೇ ಎತ್ತಲು ನೋಡಿದಳು, ಮಾನ್ಯರೇ. ನೀವು ಚಪ್ಪಾಳೆ ತಟ್ಟುತ್ತಿದ್ದಿರಿ.

ನಾನು ನಿಮ್ಮ ಮೇಜಿನ ಬಳಿ ಬಂದೆ. ನೀವು ನಕ್ಕು ಹೇಳಿದ್ದು ನೆನಪಿದೆಯೇ? "ಅಮ್ಮಾ, ಇದು ಕ್ರೀಡೆ. ತಪ್ಪೊಪ್ಪಿಕೊಳ್ಳೋ ಆಸೆ ಇದ್ರೆ ಆ ಹುಡುಗಿ ಪಾದ್ರಿ ಹತ್ರ ಹೋಗ್ಲಿ."

ಮಾರನೆಯ ದಿನ ಭಾನುವಾರದ ಊಟಕ್ಕೆ ಎರ್ಮೆಸ್ ಪದಕ ಹಾಕಿಕೊಂಡೇ ಬಂದ.

"ಅವಳ ಏಟು ನಿನ್ನ ಕೈಗೆ ತಾಗ್ಲಿಲ್ವೇನೋ?" ಎಂದೆ.

"ತಾಗ್ತು ಅಜ್ಜಿ. ಇನ್ನೂ ಊದ್ಕೊಂಡಿದೆ, ನೋಡು."

"ಮತ್ತೆ ಬಾಯಿ ಬಿದ್ದೋಗಿತ್ತಾ?"

"ಯಾರು ಕೇಳಿದ್ರು? ನಿಯಮದಲ್ಲಿ ಏನಿದೆಯೋ ಅದನ್ನೇ ಮಾಡಿದೀನಿ. ಅವಳು ಪೆದ್ದಿ, ನಿಯಮ ಓದ್ಕೊಂಡು ಬರ್ಲಿಲ್ಲ."

"ಓದಿದ್ಳು ಕಣೋ. ನಿಂಗಿಂತ ಮೊದ್ಲೇ ಓದಿದ್ಳು."

ಅವನ ತಾಯಿ, ನನ್ನ ಮಗಳು, ತೊರ್ತೆಲ್ಲಿನಿ ಕಡುಬು ಮುಳುಗಿಸಿದ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ಅಮ್ಮಾ, ಸಾರು ಆರಿಹೋಗ್ತಿದೆ. ಉಂಡ್ಮೇಲೆ ಬೈಯಿ, ಅವನೇನು ಓಡಿಹೋಗ್ತಾನಾ?"

"ಓಡಿಹೋಗೋ ಬುದ್ಧಿ ಇದ್ದಿದ್ರೆ ಖಡ್ಗದ ಮೇಲೆ ಯಾಕೆ ಬೀಳ್ತಿದ್ದ?" ಎಂದು ಅವನ ಮುಂದಿನ ತಟ್ಟೆ ಎತ್ತಿಬಿಟ್ಟೆ.

ಅವನು ಹುಟ್ಟುಸುಳ್ಳನಲ್ಲ. ಏಳು ವರ್ಷದವನಿದ್ದಾಗ ಮರದ ಕತ್ತಿ ಮೈಗೆ ಸೋಕಿದರೂ ಕೈ ಎತ್ತಿ ಕುಣಿಯುತ್ತಿದ್ದ. ಅಂಥವನಿಗೆ ಬಾಯಿ ಮುಚ್ಚಿಕೊಂಡರೆ ಬಹುಮಾನವಿದೆ ಎಂದು ಕಲಿಸಿದ್ದು ನೀವು. ಹಾಗೆಂದು ಅವನನ್ನು ಕ್ಷಮಿಸುತ್ತೇನೆಯೇ? ಇಲ್ಲ. ನೀವು ಬಾಗಿಲು ತೆರೆದಿರಿ, ಒಳಗೆ ಕಾಲಿಟ್ಟವನು ಅವನೇ.

ನನ್ನ ಬೇಡಿಕೆ ಇಷ್ಟು. ಏಟು ತಿಂದವರ ಮಾತನ್ನು ತೀರ್ಪುಗಾರರು ಒಪ್ಪಬೇಕು. ಇಬ್ಬರೂ ಒಟ್ಟಿಗೆ ಏಟು ತಿಂದರೆ ಇಬ್ಬರಿಗೂ ಅಂಕ ಕಳೆಯಬೇಕು, ಮೂರನೆಯ ಸಲಕ್ಕೆ ಇಬ್ಬರನ್ನೂ ಸೋತವರೆಂದು ಹೊರಗೆ ಕಳಿಸಬೇಕು. ಅಲ್ಲಿಯವರೆಗೆ ನಮ್ಮ ಶಾಲೆಯ ಯಾರೊಬ್ಬರೂ ನಿಮ್ಮ ಕಣಕ್ಕೆ ಇಳಿಯುವುದಿಲ್ಲ.

ಬೆದರಿಕೆ ಎಂದುಕೊಳ್ಳಬೇಡಿ, ಆಗಬೇಕಾದ್ದು ಆಗಿಹೋಗಿದೆ. ಮೊನ್ನೆ ನೋಟರಿಯವರ ಮುಂದೆ ಶಾಲೆಯನ್ನು ಇಲೇನಿಯಾಳ ಹೆಸರಿಗೆ ಬರೆದುಕೊಟ್ಟೆ. ನನ್ನ ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಇಲೇನಿಯಾ ಎರ್ಮೆಸ್‌ನನ್ನು ಕ್ಷಮಿಸಿದ್ದಾಳಂತೆ, ಅವನು ಯಾವಾಗ ಬೇಕಾದರೂ ಅಭ್ಯಾಸಕ್ಕೆ ಬರಬಹುದಂತೆ. ಅದು ಅವಳ ದೊಡ್ಡತನ. ನಾನು ಬೀಗ ಬದಲಾಯಿಸಿದ್ದೇನೆ.

ಇಂತಿ,
ನಿಮ್ಮ ಚಾಂಪಿಯನ್ನನ ಅಜ್ಜಿ,
ಎಲ್ವೀರಾ ಬೊನ್ಫಿಲ್ಯೋಲಿ