ಬೆಕ್ಕಿನ ರಕ್ತಕ್ಕೆ ನಾಯಿಯ ಕಿಟ್

ಮಾರ್ಚ್ ೧೧, ಮಂಗಳವಾರ

ಅಕ್ಕನ ಬೆಕ್ಕು ಮಧ್ಯಾಹ್ನ ನಮ್ಮ ಪ್ರಾಣಿ ಆಸ್ಪತ್ರೆಯಲ್ಲೇ ಸತ್ತಿತು. ಶುಕ್ರವಾರ ನಾನು ಮಾಡಿದ ಪರೀಕ್ಷೆ ತಲೆಯಿಂದ ಇಳಿಯುತ್ತಿಲ್ಲ.

ಒಳಗೆ ಉರಿಯೂತವಿದ್ದರೆ ನಾಯಿಯ ರಕ್ತದಲ್ಲಿ ಒಂದು ಪ್ರೋಟೀನ್ ಏರುತ್ತದೆ, ಬೆಕ್ಕಿನ ರಕ್ತದಲ್ಲಿ ಬೇರೊಂದು. ಲ್ಯಾಬಿನಲ್ಲಿ ಇದು ನನಗೆ ಬಾಯಿಪಾಠ. ಆದರೂ ಅಂದು ಹನ್ನೊಂದು ನಾಯಿಗಳ ರಕ್ತ ನೋಡಿದ ಕೈ, ಹನ್ನೆರಡನೆಯದಾದ ಅಕ್ಕನ ಬೆಕ್ಕಿನ ರಕ್ತಕ್ಕೂ ನಾಯಿಯ ಪರೀಕ್ಷಾ ಕಿಟ್ಟನ್ನೇ ಹಾಕಿತು. ಉರಿಯೂತವೇ ಇಲ್ಲವೆಂಬಂತೆ ಅಂಕಿ ಸಹಜ ಮಟ್ಟದಲ್ಲೇ ಬಂತು. ಅದನ್ನು ನಂಬಿ ವೈದ್ಯರು ಬರೀ ಟಾನಿಕ್ ಬರೆದರು.

‘ಏನೂ ಇಲ್ಲಕ್ಕ, ನಿನ್ನ ಮಹಾರಾಣಿಗೆ ಊಟ ಬಿಡೋಕೆ ಒಂದು ನೆಪ’ ಎಂದು ಫೋನಿನಲ್ಲಿ ನಕ್ಕಿದ್ದೆ.

ಇಂದು ವೈದ್ಯರು ಶಸ್ತ್ರಚಿಕಿತ್ಸೆಗೆಂದು ಅದರ ಹೊಟ್ಟೆ ತೆರೆದರೆ ಒಳಗೆಲ್ಲ ಕೀವು. ಆಗಲೇ ಹೋಗಿ ಶುಕ್ರವಾರದ ದಾಖಲೆ ನೋಡಿದೆ: ಬೆಕ್ಕಿನ ಹೆಸರಿನ ಮುಂದೆ ನಾಯಿಯ ಕಿಟ್. ಹಾಳೆಯನ್ನು ಜೇಬಿಗಿಟ್ಟೆ.

‘ನಾನೇ ತಡ ಮಾಡ್ದೆ ಕಣೋ’ ಎಂದು ಅಕ್ಕ ಖಾಲಿ ಬುಟ್ಟಿ ಹಿಡಿದು ಅಳುತ್ತಿದ್ದಳು.

‘ಇಲ್ಲಕ್ಕ. ತಪ್ಪು ಕಿಟ್ ಹಾಕಿದ್ದು ನಾನು.’

‘ಸುಮ್ನಿರೋ. ನನ್ನ ಸಮಾಧಾನಕ್ಕೆ ಇಲ್ಲದ್ದೆಲ್ಲ ಮೈಮೇಲೆ ಎಳ್ಕೋಬೇಡ’ ಎಂದು ನನ್ನ ತಲೆ ಸವರಿದಳು.

ಸವರಿಸಿಕೊಂಡೆ. ದಾಖಲೆ ಜೇಬಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಆ ಕೈ ಹಿಂದೆ ಸರಿಯುತ್ತಿತ್ತು. ತೋರಿಸಲಿಲ್ಲ.