ಸಿಗಡಿಗೆ ಸಿಟ್ಟು ಬಂದರೆ ಗಾಜು ಸರಿ

ಕುಮಟೆಯ ಮೇಲಿನ ನೀರೂರು
ಫೆಬ್ರವರಿ ಮೂವತ್ತು, ೨೩೯೧

ತುಳಸು ಅಜ್ಜಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ತಾರೀಖಿನಿಂದ ಬರೆಯುತ್ತಿದ್ದೇನೆ. ಕೆಲವು ಪದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ರೇವತಿ ತಾಂಡೇಲ, ನಿಮ್ಮ ಹದಿನಾಲ್ಕನೇ ತಲೆಮಾರಿನವಳು. ಕಸುಬಿನಲ್ಲಿ ನೋಟಗಾತಿ, ಅಂದರೆ ವಿಶೇಷ ಗಾಜು ಹಿಡಿದು ಜನರ ಬಾಯಿ, ಚರ್ಮಗಳಲ್ಲಿ ಅಡಗಿದ ಕಾಯಿಲೆ ಹುಡುಕುವವಳು.

ಆ ಗಾಜನ್ನು ನಾವು ಓಲುಗಾಜು ಎನ್ನುತ್ತೇವೆ. ಅದನ್ನು ಕಲಿಸಿದ್ದು ನಿಮ್ಮ ಬಲೆಗೆ ಬೀಳುವ ಮಾಂಟಿಸ್ ಸಿಗಡಿ. ಅದರ ಕಣ್ಣಲ್ಲಿ ಬಣ್ಣ ಹಿಡಿಯುವ ಕೋಶಗಳು ಹನ್ನೆರಡು ಬಗೆ. ನಮ್ಮ ಕಣ್ಣಲ್ಲಿ ಮೂರೇ. ನಮ್ಮ ಹಿರಿಯರು ಅಷ್ಟಕ್ಕೇ ಮರುಳಾಗಿ ಹನ್ನೆರಡು ಬಣ್ಣದ ಗಾಜು ಮಾಡಿ ಮೆರೆದರು. ಆದರೆ ಹತ್ತಿರ ಹತ್ತಿರದ ಎರಡು ಬಣ್ಣಗಳನ್ನು ಬೇರೆ ಮಾಡುವುದರಲ್ಲಿ ಆ ಪ್ರಾಣಿ ನಮಗಿಂತ ದಡ್ಡ. ಅದರ ಜಾಣತನ ಇರುವುದು ಧ್ರುವೀಕೃತ ಬೆಳಕನ್ನು, ಅಂದರೆ ಅಲೆಗಳೆಲ್ಲ ಒಂದೇ ರೀತಿಯಲ್ಲಿ ಅಲುಗುವ ಬೆಳಕನ್ನು, ಗುರುತಿಸುವುದರಲ್ಲಿ. ಅದನ್ನು ಚೆನ್ನಾಗಿ ಹಿಡಿಯಲು ಸಿಗಡಿ ಕಣ್ಣನ್ನೇ ಹೊರಳಿಸುತ್ತದೆ. ನಮ್ಮ ಓಲುಗಾಜು ಹಿಡಿಯುವುದೂ ಆ ಬೆಳಕನ್ನೇ.

ಹೋದ ವರ್ಷ ನನ್ನ ಮಗಳು ಚಂಪಿ ನಾಲಿಗೆ ಉರಿಯೆಂದು ಊಟ ಬಿಟ್ಟಳು. ಹನ್ನೆರಡು ಬಣ್ಣದಲ್ಲೂ ನಾಲಿಗೆ ಸರಿಯಾಗಿಯೇ ಕಂಡಿತು. ಆಮೇಲೆ ಓಲುಗಾಜು ಹಿಡಿದು, ಸಿಗಡಿ ಕಣ್ಣು ಹೊರಳಿಸುವಂತೆ ಮೆಲ್ಲಗೆ ಹೊರಳಿಸಿದೆ. ನಾಲಿಗೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಜಾಗ ಬೇರೆಯಾಗಿ ಮಿನುಗಿತು. ಕ್ಯಾನ್ಸರ್. ಬೇಗ ಸಿಕ್ಕಿದ್ದರಿಂದ ಅಷ್ಟು ಜಾಗವನ್ನು ಮಾತ್ರ ಕತ್ತರಿಸಿ ತೆಗೆದರು, ನಾಲಿಗೆ ಉಳಿಯಿತು.

ಗಾಜು ಸರಿಯಿದೆ ಎಂದು ಯಂತ್ರ ಹೇಳಿದರೆ ನಾವು ನಂಬುವವರಲ್ಲ. ಪ್ರತಿ ಹೊಸ ಗಾಜಿನಿಂದಲೂ ಸಿಗಡಿಯ ಬಿಲದೆದುರು ಇನ್ನೊಂದು ಸಿಗಡಿಯ ಆಕಾರವನ್ನು ಧ್ರುವೀಕೃತ ಬೆಳಕಿನಲ್ಲಿ ಮೂಡಿಸುತ್ತೇವೆ. ನಮಗೆ ಕಾಣುವುದು ಖಾಲಿ ನೀರು. ಸಿಗಡಿಗೆ ಮಾತ್ರ ಎದುರಾಳಿ ಕಂಡು, ಸಿಟ್ಟು ನೆತ್ತಿಗೇರಿ, ಆ ಆಕಾರದ ಮೇಲೆ ಬಿದ್ದರೆ ಗಾಜು ಪಾಸು. ಈ ಮುಂಗೋಪಿ ಪರೀಕ್ಷಕರು ಈಗ ಉಳಿದಿರುವುದು ನಿಮ್ಮ ದಂಡೆಯೆದುರಿನ ನೀರಿನಲ್ಲಿ ಮಾತ್ರ. ಬೇರೆ ಕಡೆಯವೆಲ್ಲ ಬಲೆಯಿಂದ ನೇರ ಮೀನುಪುಡಿಯ ರಾಶಿಗೆ ಹೋಗಿ ಮುಗಿದವು.

ನಿಮ್ಮ ಮಾತೊಂದು ಮನೆಯಲ್ಲಿ ಇನ್ನೂ ಓಡಾಡುತ್ತಿದೆ. ಬಲೆ ಬಿಡಿಸುವಾಗ ಜೊತೆಯವಳಿಗೆ, "ಈ ಹಾಳಾದ್ದು ಬೆರಳು ಕೊಯ್ತದೆ ಮಾರಾಯ್ತಿ, ಬಿಸಾಕು ನೀರಿಗೆ" ಎನ್ನುತ್ತಿದ್ದಿರಂತೆ. ನನ್ನ ಬೇಡಿಕೆ ಇಷ್ಟೇ ಅಜ್ಜಿ. ಬೇಕಾದಷ್ಟು ಬೈಯಿರಿ, ಆದರೆ ಜೀವವಿರುವಾಗಲೇ ನೀರಿಗೆ ಬಿಸಾಡಿ. ರಾಶಿಗೆ ಹಾಕಬೇಡಿ.

ನೀವು ಹಾಗೆಯೇ ಮಾಡಿದ್ದೀರಿ ಎಂದು ನನಗೆ ಗೊತ್ತು. ಹೊರಗೆ ಚಂಪಿ ಆ ನಾಲಿಗೆಯಿಂದಲೇ ಯಾರ ಜೊತೆಗೋ ಜಗಳವಾಡುತ್ತಿರುವುದು ಕೇಳಿಸುತ್ತಿದೆ.

ನಿಮ್ಮ
ರೇವತಿ