ಕೆಂಪು ಕಂಡರೆ ಮೀನು

ಏಪ್ರಿಲ್ 17, ಬೆಳಿಗ್ಗೆ 10.40

ಐದಾಯಿತು. ಇನ್ನು ಐವತ್ತೈದು.

ಇವತ್ತು ತಕ್ಕಡಿಗೆ ಹಾಕಿದ್ದು ಎರಡೇ ಬಂಡೆಮೀನು. ಒಂದು ಅಂಗೈ ಅಗಲ, ಇನ್ನೊಂದು ಅದಕ್ಕೂ ಚಿಕ್ಕದು. ಸಂಘದ ಗುಮಾಸ್ತೆ ಫುಜಿಎ ತಕ್ಕಡಿ ನೋಡಿ, ನನ್ನ ಮುಖ ನೋಡಿ, ಕಾರ್ಡಿಗೆ ಮುದ್ರೆ ಒತ್ತಿದಳು. ನಗಲಿಲ್ಲ. ನಕ್ಕಿದ್ದರೂ ಮುದ್ರೆ ಮುದ್ರೆಯೇ. ಮೀನುಗಾರರ ಸಂಘದ ನಿಯಮದಲ್ಲಿ ಮೀನಿನ ಉದ್ದದ ಮಾತಿಲ್ಲ. ಮೀನು ತಂದ ದಿನ ಒಂದು ಮುದ್ರೆ. ನವೆಂಬರ್ ಮೂವತ್ತರೊಳಗೆ ಅರವತ್ತಾದರೆ ನಾನು ಸದಸ್ಯೆ, ದೋಣಿ ಕಟ್ಟುವ ಜಾಗ ನನ್ನದು. ಆಗದಿದ್ದರೆ ಜಾಗ ಸಂಘಕ್ಕೆ, ಅಣ್ಣನ ದೋಣಿ ‘ಚಿದೊರಿ’ ಆಚೆ ದಡದ ಗಿರಾಕಿಗೆ. ಅವನು ಆಗಲೇ ಒಮ್ಮೆ ಬಂದು ದೋಣಿಯ ಪಕ್ಕೆ ತಟ್ಟಿ ನೋಡಿ ಹೋಗಿದ್ದಾನೆ, ಹಸು ಕೊಳ್ಳುವವನ ಹಾಗೆ.

ಇಪ್ಪತ್ತೇಳು ವರ್ಷ ಈ ದ್ವೀಪದ ಬಸ್ ಓಡಿಸಿದವಳು ನಾನು. ಬಸ್ ನಿಂತಿತು. ಕೈ ಸುಮ್ಮನಿರುವುದಿಲ್ಲ. ಹತ್ತು ಮೀಟರ್ ಬಸ್ಸನ್ನು ದೇವಸ್ಥಾನದ ತಿರುವಿನಲ್ಲಿ ರಿವರ್ಸ್ ತೆಗೆದವಳಿಗೆ ಆರು ಮೀಟರ್ ದೋಣಿ ಯಾವ ಲೆಕ್ಕ?

ಅಣ್ಣ ಕುನಿಹಿಕೊಗೆ ಹಾಗನ್ನಿಸುವುದಿಲ್ಲ. ಜನವರಿಯಲ್ಲಿ ದೋಣಿಯಲ್ಲೇ ಜಾರಿ ಸೊಂಟ ಮುರಿದುಕೊಂಡ. ಎರಡು ಊರುಗೋಲು. ಸಮುದ್ರ ಮುಗಿಯಿತು ಎಂದರು ಡಾಕ್ಟರು. ಈಗ ಬಂದರಿನ ಕಟ್ಟೆಯ ಮೇಲೆ ಮೀನಿನ ಕ್ರೇಟು ಬೋರಲು ಹಾಕಿ ಕೂತು ನನ್ನ ತಪ್ಪು ಹುಡುಕುವುದೇ ಕೆಲಸ. ಅರವತ್ತನೇ ದಿನ ನಿನ್ನ ಸುಗ್ಗಿ ಬಾವುಟ ಕಟ್ಟಿಕೊಂಡು ಬರುತ್ತೇನೆ ಎಂದೆ. ಕಪಾಟಿನಲ್ಲಿ ಮಡಿಸಿಟ್ಟಿದ್ದಾನೆ — ಕೆಂಪು ಬಟ್ಟೆ, ನಡುವೆ ಬಿಳಿ ಕೊಕ್ಕರೆ, ಹಾಸಿಗೆಯಷ್ಟು ಅಗಲ. ದೋಣಿ ತುಂಬಿ ಬಂದ ದಿನ ಮಾತ್ರ ಕಟ್ಟುವುದು. ನಲವತ್ತು ವರ್ಷದಲ್ಲಿ ಎರಡೇ ಸಲ ಕಟ್ಟಿದ್ದಾನೆ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ ಕಣೆ,” ಎಂದ.

ಏಪ್ರಿಲ್ 26

ನಾಲ್ಕು ದಿನ ಬರಿಗೈ. ಬರಿಗೈಗೆ ಮುದ್ರೆ ಇಲ್ಲ.

ದೋಣಿ ನಡೆಸುವುದು ಬಂತು. ಲಂಗರು ಬಿಡುವುದು ಬಂತು, ಕಾಲಿಗೆ ಹಗ್ಗ ಸುತ್ತಿಕೊಳ್ಳದೆ. ಸಿಗಡಿಯನ್ನು ಬಾಲದಿಂದ ಗಾಳಕ್ಕೆ ಪೋಣಿಸುವುದೂ ಬಂತು. ಮೀನು ಎಲ್ಲಿದೆ ಎನ್ನುವುದೊಂದು ಗೊತ್ತಿಲ್ಲ. ಅಡಿಯಲ್ಲಿ ಬಂಡೆ ಇದ್ದಲ್ಲಿ ಮೀನು. ಬಂಡೆ ಅಂದರೆ ನನ್ನ ಬಸ್ಸಿನಷ್ಟೇ ಅಗಲ. ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಬಂಡೆಯ ಆಚೆಗೊಮ್ಮೆ ಈಚೆಗೊಮ್ಮೆ ಕುಣಿಯುತ್ತಿತ್ತು. ಮೊನ್ನೆ ಫೋನೇ ನೀರಿಗೆ ಬಿತ್ತು. ಪೀಡೆ ತೊಲಗಿತು.

ಇಲ್ಲಿಯವರು ಬೆಟ್ಟ ಹಿಡಿಯುತ್ತಾರೆ. ದಡದ ಮೇಲೆ ಮುಂದೊಂದು ಗುರುತು, ಹಿಂದೊಂದು ಗುರುತು. ಎರಡೂ ಒಂದರ ಹಿಂದೊಂದು ಬಂದು ನಿಂತರೆ ಒಂದು ಗೆರೆ. ಇನ್ನೊಂದು ಮಗ್ಗುಲಲ್ಲಿ ಇನ್ನೊಂದು ಜೋಡಿ. ಗೆರೆಗಳು ಕೂಡಿದಲ್ಲಿ ಗಾಳ ಬಿಡು. ಗುರುತು ಯಾವುದೆಂದು ಹೆಂಡತಿಗೂ ಹೇಳುವ ಪದ್ಧತಿಯಿಲ್ಲ.

ನಾಚಿಕೆ ಬಿಟ್ಟು ಅಣ್ಣನನ್ನು ಕೇಳಿದೆ. ತಂಗಿ ಬೇರೆ, ಬೆಟ್ಟ ಬೇರೆ ಎಂದ. ಈ ಕಡೆ ನೀರು ತಿರುಗುತ್ತದೆ, ದೋಣಿ ನಿಲ್ಲುವುದಿಲ್ಲ ಎಂದೆ.

“ಕುಣಿಯೋಕ್ ಬಾರದವಳು ನೆಲ ಡೊಂಕು ಅಂದ್ಳಂತೆ.”

ಆಯಿತು. ನನ್ನ ಬೆಟ್ಟ ನಾನೇ ಹುಡುಕಿಕೊಳ್ಳುತ್ತೇನೆ.

ಮೇ 8, ಮಧ್ಯಾಹ್ನ

ಸಿಕ್ಕಿತು! ಒಂದೇ ಬೆಳಿಗ್ಗೆ ಹನ್ನೊಂದು ಮೀನು. ಹನ್ನೊಂದು.

ಗಾಳ ತಳ ಮುಟ್ಟಿದ ಕೂಡಲೇ ಟಕ್ ಟಕ್ ಎಂದಿತು. ದೋಣಿ ಕದಲುವ ಮೊದಲೇ ದಡ ನೋಡಿದೆ. ಅಲೆತಡೆ ಗೋಡೆಯ ತುದಿಯ ದೀಪ, ಅದರ ನೇರ ಹಿಂದೆ ಗುಡ್ಡದ ಮೇಲೊಂದು ಕೆಂಪು ಶೀಟಿನ ಮಾಡು. ಸ್ಪಷ್ಟ. ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ, ಬಸ್ಸಿನ ಕಣ್ಣು. ಇನ್ನೊಂದು ಜೋಡಿಯನ್ನು ಇಲ್ಲೂ ಬರೆಯುವುದಿಲ್ಲ. ಯಾರಾದರೂ ಓದಿಬಿಟ್ಟರೆ?

ಬಾವುಟ ಕೇಳಿದೆ. ಹನ್ನೊಂದು ಮೀನಿಗೆ ಕರವಸ್ತ್ರ ಸಾಕು ಎಂದ ಅಣ್ಣ. ಆದರೆ ಮೀನಿನ ಸಾರು ಎರಡು ಬಟ್ಟಲು ಕುಡಿದ.

ಜೂನ್ 3

ಹತ್ತೊಂಬತ್ತು. ಬೆಳಕು ಹರಿಯುತ್ತಲೇ ಹೊರಡು, ದೀಪದ ಮೇಲೆ ಕೆಂಪು ಕೂರಿಸು, ಗಾಳ ಬಿಡು. ಆಕಾಶ ನಿಚ್ಚಳ ಇದ್ದ ದಿನ ಮಾತ್ರ ಹೋಗುತ್ತೇನೆ, ಹೊಸಬಳು ತಾನೆ. ಹೋದ ದಿನ ಬರಿಗೈಯಲ್ಲಿ ಬಂದಿಲ್ಲ. ಇಷ್ಟು ಸುಲಭದ್ದನ್ನು ಗಂಡಸರು ಇಷ್ಟು ದಿನ ದೊಡ್ಡ ವಿದ್ಯೆ ಮಾಡಿಟ್ಟಿದ್ದರಲ್ಲ.

ಜುಲೈ 21

ಇಪ್ಪತ್ತಾರಕ್ಕೇ ನಿಂತಿದೆ. ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಜೂನಿನಲ್ಲಿ ಹಿಡಿದ ಮಳೆ ಮುಗಿಯಿತೆಂದು ಹೊರಟೆ. ಮೋಡ, ಆದರೆ ನೀರು ಎಣ್ಣೆಯ ಹಾಗೆ ಶಾಂತ. ದೀಪ ಇದೆ, ಗುಡ್ಡ ಇದೆ, ಕೆಂಪು ಮಾಡು ಇಲ್ಲ! ಕಣ್ಣುಜ್ಜಿಕೊಂಡೆ. ಇಲ್ಲ. ಬೂದು ಹೆಂಚಿನ ನಲವತ್ತು ಮನೆ, ಅಷ್ಟು ದೂರದಿಂದ ಎಲ್ಲ ಒಂದೇ. ಬರಿಗೈಯಲ್ಲಿ ವಾಪಸ್ಸು.

ಗುಡ್ಡ ಹತ್ತಿ ಹುಡುಕಿದೆ. ಕೆಂಪು ಮಾಡೇ ಇಲ್ಲ. ಕಡೆಗೆ ನೂರ ಮೂವತ್ತೆಂಟು ಮೆಟ್ಟಿಲ ತುದಿಯಲ್ಲಿ ಇಸೊ ಅಜ್ಜಿಯ ಮನೆ. ಎಂಬತ್ತೊಂಬತ್ತು ವರ್ಷ, ಒಬ್ಬಳೇ. ಒಳಗೆ ಮಡಿಸಿಟ್ಟ ಕೆಂಪು ರಜಾಯಿ. ಮದುವೆಯ ಕಾಲದ್ದು. ಬಿಸಿಲಿದ್ದ ದಿನ ಎದ್ದ ಕೂಡಲೇ ಮಹಡಿಯ ಕಟಾಂಜನದ ಮೇಲೆ ಹರವುತ್ತಾಳೆ, ಅರವತ್ತೈದು ವರ್ಷದಿಂದ. ಬಿಸಿಲಿಲ್ಲದ ದಿನ ನಾನೂ ಸಮುದ್ರಕ್ಕೆ ಹೋಗುತ್ತಿರಲಿಲ್ಲವಲ್ಲ...

ಅಣ್ಣನಿಗೆ ಹೇಳಬಾರದಿತ್ತು. ಊರುಗೋಲು ಕೈಜಾರಿ ಬೀಳುವಷ್ಟು ನಕ್ಕ. ಸಂಜೆಯೊಳಗೆ ಇಡೀ ಬಂದರು ನಕ್ಕಿತು.

“ಬೆಟ್ಟ ಅಂದ್ರೆ ಅಲ್ಲಾಡದೇ ಇರೋದು ಕಣೆ. ನೀನು ಹಾಸಿಗೆ ನೋಡ್ಕೊಂಡು ಹೋಗಿದೀಯಲ್ಲ!”

ಸಿಟ್ಟು ಬಂದಿದೆ. ಅವನ ಮೇಲಲ್ಲ, ನನ್ನ ಬಸ್ಸಿನ ಕಣ್ಣಿನ ಮೇಲೆ.

ಜುಲೈ 23

ಇಸೊ ಅಜ್ಜಿಯ ಹತ್ತಿರ ಹೋಗಿ ನೇರ ಕೇಳಿದೆ. ಮಳೆಯ ದಿನವೊಂದು ಬಿಟ್ಟು ದಿನಾ ಹರವುತ್ತೀಯಾ? ನವೆಂಬರ್‌ವರೆಗೆ ಸಾಕು. ಅಜ್ಜಿ ಚಹಾ ಬಗ್ಗಿಸಿ ಕೊಟ್ಟಳು.

“ಭಾನುವಾರ ಒಂದು ಮೀನು. ತಲೆ ಇರ್ಬೇಕು,” ಎಂದಳು.

ಬೆಟ್ಟವನ್ನು ಬಾಡಿಗೆಗೆ ಹಿಡಿದವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು. ಇರಲಿ. ಇಪ್ಪತ್ತೇಳನೇ ಮುದ್ರೆ ಇವತ್ತು ಬಿತ್ತು.

ಸೆಪ್ಟೆಂಬರ್ 15

ನಲವತ್ತೆರಡು. ಚಂಡಮಾರುತ ಹನ್ನೆರಡು ದಿನ ನುಂಗಿತು. ಆದರೂ ಆಗುತ್ತದೆ.

ಭಾನುವಾರದ ಮೀನು ಈಗ ಭಾನುವಾರದ ಊಟವಾಗಿದೆ. ಅಜ್ಜಿಯ ಮಾತು ಕಡಿಮೆ. ಮೀನಿನ ಕೆನ್ನೆಯ ಮಾಂಸ ಚಾಪ್‌ಸ್ಟಿಕ್ಕಿನಲ್ಲಿ ಬಿಡಿಸಿ ನನ್ನ ಬಟ್ಟಲಿಗೆ ಹಾಕುತ್ತಾಳೆ. ಮೊನ್ನೆ, ನಿನ್ನ ದೋಣಿ ದೀಪ ದಾಟುವವರೆಗೂ ಮಹಡಿಯಲ್ಲೇ ನಿಂತಿರುತ್ತೇನೆ ಎಂದಳು. ಯಾಕೆ ಎಂದೆ. ಬೇರೇನು ಕೆಲಸ ಎಂದಳು.

ಅಕ್ಟೋಬರ್ 11, ಸಂಜೆ

ನಿಚ್ಚಳ ಆಕಾಶ. ಕೆಂಪು ಇಲ್ಲ.

ಮುದುಕಿ ಮರೆತಳು ಎಂದು ಬೈದುಕೊಂಡೆ. ಅಂದಾಜಿನ ಮೇಲೆ ಗಾಳ ಬಿಟ್ಟೆ. ಇಪ್ಪತ್ತು ನಿಮಿಷ ಮೀನಿಗಾಗಿ ಕೂತೆ. ಬರೆದಿಡುತ್ತೇನೆ — ಇಪ್ಪತ್ತು ನಿಮಿಷ. ಆಮೇಲೆ ಹೊಳೆಯಿತು. ಅರವತ್ತೈದು ವರ್ಷ ಮರೆಯದವಳು ಇವತ್ತು ಮರೆತಳೇ?

ಲಂಗರು ಎಳೆದೆ. ಇಂಜಿನ್ ಪೂರ್ತಿ ವೇಗಕ್ಕೆ ಬಿಟ್ಟೆ. ಮೆಟ್ಟಿಲು ಹೇಗೆ ಹತ್ತಿದೆನೋ ನೆನಪಿಲ್ಲ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ನಿನ್ನೆ ಸಂಜೆಯಿಂದ. ತುಟಿ ಒಣಗಿತ್ತು. ಕಣ್ಣು ತೆರೆದು ನನ್ನನ್ನು ನೋಡಿದಳು.

“ಇವತ್ತು ಹರವೋಕಾಗ್ಲಿಲ್ಲ ಕಣಮ್ಮ. ಮೀನು ತಪ್ಪೋಯ್ತಾ?”

ಅತ್ತೆ. ಆ ಇಪ್ಪತ್ತು ನಿಮಿಷಕ್ಕಾಗಿ ಅತ್ತೆ.

ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯ ದೋಣಿ ಬಂದು ಆಚೆ ದಡಕ್ಕೆ ಕರೆದೊಯ್ದಿತು. ರಜಾಯಿ ಬಿಟ್ಟು ಬರುವುದಿಲ್ಲ ಎಂದು ಹಟ ಮಾಡಿದಳು. ಅದರಲ್ಲೇ ಸುತ್ತಿ ಕಳಿಸಿದೆವು. ಇವತ್ತು ಮುದ್ರೆ ಇಲ್ಲ. ಐವತ್ತೊಂದು, ನಿನ್ನೆ ಇದ್ದಷ್ಟೇ.

ನವೆಂಬರ್ 5

ಐವತ್ತಮೂರು. ಇಪ್ಪತ್ತೈದು ದಿನಕ್ಕೆ ಎರಡು ಮುದ್ರೆ.

ಹೊಸ ಹಿಂಗುರುತು ಹುಡುಕುತ್ತಿದ್ದೇನೆ. ಬಿದಿರ ಮೆಳೆ ಹಿಡಿದೆ, ಗಾಳಿಗೆ ಬಾಗುತ್ತದೆ. ನೀರಿನ ಟ್ಯಾಂಕ್ ಹಿಡಿದೆ, ದೋಣಿ ಬಂಡೆಯಿಂದ ಆಚೆ ಹೋಯಿತು.

ಫುಜಿಎ ಕೇಳಿದಳು, ನೀವೇ ಒಂದು ಕೆಂಪು ಬಟ್ಟೆ ಕಟ್ಟಬಾರದೇ? ಇಲ್ಲ. ಅಜ್ಜಿ ಇಲ್ಲದ ಮನೆಯ ಮೇಲೆ ನನ್ನ ಬಟ್ಟೆ ಹಾಕುವುದಿಲ್ಲ. ಮತ್ತೆ ನಗಿಸಿಕೊಳ್ಳುವುದೂ ಬೇಡ. ಅಲ್ಲಾಡದ ಬೆಟ್ಟವನ್ನೇ ಹಿಡಿಯುತ್ತೇನೆ.

ನವೆಂಬರ್ 18

ಐವತ್ತಾರು. ಆಚೆ ದಡದವನು ಮತ್ತೆ ಬಂದಿದ್ದ. ಈ ಸಲ ಟೇಪು ತಂದು ಅಳತೆ ತೆಗೆದ. ಅಣ್ಣ ತಡೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಕೂಗಾಡಿದೆ. ನನಗೆ ಈ ದೋಣಿ ಬೇಕು ಎಂದೆ. ಬಸ್ಸು ನಿಂತ ಮೇಲೆ ಬೆಳಿಗ್ಗೆ ಏಳುವುದಕ್ಕೆ ಕಾರಣ ಕೊಟ್ಟಿದ್ದು ಇದೊಂದೇ ಎಂದೆ. ಒಂದು ಗುರುತು, ಒಂದೇ ಒಂದು ಗುರುತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೆ. ಅವನು ಮೂಲಂಗಿ ಅಗಿಯುತ್ತಲೇ ಇದ್ದ.

“ನನ್ನ ಬೆಟ್ಟದಲ್ಲಿ ಈಗ ಮೀನಿಲ್ಲ ಕಣೆ,” ಎಂದ. “ಐದು ವರ್ಷ ಆಯ್ತು. ನಿಂದೇ ಒಳ್ಳೇದು.”

ಎದ್ದು ಪಾತ್ರೆ ತೊಳೆದೆ.

ನವೆಂಬರ್ 24

ಗಾಳಿ. ದೋಣಿ ಬಿಡಲಿಲ್ಲ. ನಿನ್ನೆ ಐವತ್ತೇಳಾಗಿತ್ತು.

ಫೆರಿ ಹತ್ತಿ ಆಸ್ಪತ್ರೆಗೆ ಹೋದೆ. ಇಸೊ ಅಜ್ಜಿ ಕೆಂಪು ರಜಾಯಿಯೊಳಗೆ ಕಿತ್ತಳೆ ತಿನ್ನುತ್ತಿದ್ದಳು. ಯಾರು ತಂದರು ಎಂದೆ. ನಿಮ್ಮಣ್ಣ ಎಂದಳು. ಎರಡು ಊರುಗೋಲಿನ ಮೇಲೆ ಫೆರಿ ಹತ್ತಿ ಬಂದಿದ್ದನಂತೆ. ಮನೆಯ ನಲ್ಲಿ ಸೋರುತ್ತಿದೆ, ಬೀಗದ ಕೈ ಕೊಡು ಎಂದು ತೆಗೆದುಕೊಂಡು ಹೋದನಂತೆ.

ನಮ್ಮ ಮನೆಯ ನಲ್ಲಿಯನ್ನೇ ಎಂಟು ವರ್ಷದಿಂದ ನೋಡದವನು! ಮನೆಗೆ ಬಂದು ಕೇಳಿದರೆ, ನಿನ್ನ ಗಾಳ ನೋಡಿಕೋ ಹೋಗು ಎಂದ.

ನವೆಂಬರ್ 27, ಬೆಳಿಗ್ಗೆ 7.20, ದೋಣಿಯಲ್ಲಿ

ಒಂದು ಕೈಯಲ್ಲಿ ದಾರ, ಅದಕ್ಕೇ ಅಕ್ಷರ ಸೊಟ್ಟ.

ಇನ್ನು ಮೂರು ಮುದ್ರೆ ಬೇಕು, ಉಳಿದಿರುವುದು ನಾಲ್ಕು ದಿನ. ಇಪ್ಪತ್ತೊಂಬತ್ತಕ್ಕೆ ಮತ್ತೆ ಗಾಳಿಯಂತೆ. ಬೆಳಿಗ್ಗೆ ಎದ್ದಾಗ ಅಣ್ಣನ ಹಾಸಿಗೆ ಖಾಲಿ. ಚಪ್ಪಲಿ ಇರಲಿಲ್ಲ. ಕಟ್ಟೆಯ ಮೇಲೂ ಇರಲಿಲ್ಲ. ಕೇಳುವ ವ್ಯವಧಾನವಿಲ್ಲದೆ ಹೊರಟೆ.

ದೀಪ ದಾಟಿ ಬಂದು ಅಭ್ಯಾಸಕ್ಕೆ ಇಸೊ ಅಜ್ಜಿಯ ಮಹಡಿಯ ಕಡೆ ತಿರುಗಿ ನೋಡಿದೆ. ಕೆಂಪು.

ರಜಾಯಿ ಆಸ್ಪತ್ರೆಯಲ್ಲಿದೆ. ಇದು ಅದಕ್ಕಿಂತ ದೊಡ್ಡದು. ನಡುವೆ ಬಿಳಿ. ಗಾಳಿ ಬಂದಾಗ ಬಿಳಿ ಬಿಚ್ಚಿಕೊಳ್ಳುತ್ತದೆ... ಕೊಕ್ಕರೆ! ಸುಗ್ಗಿ ಬಾವುಟ. ನಲವತ್ತು ವರ್ಷದಲ್ಲಿ ಎರಡು ಸಲ. ಇದು ಮೂರನೆಯದು, ನಾನು ಒಂದು ಮೀನೂ ಹಿಡಿಯುವ ಮೊದಲು. ಕೂಸು ಹುಟ್ಟುವ ಮುಂಚೆ ಕುಲಾವಿ, ನೀನೇ ಹೊಲಿಸಿದೆಯಲ್ಲೋ ಅಣ್ಣ.

ಬಾವುಟದ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ, ಕಂಡೂ ಕಾಣದಷ್ಟು. ಕೂತಿದ್ದಾನೆ. ನೂರ ಮೂವತ್ತೆಂಟು ಮೆಟ್ಟಿಲು, ಆ ಸೊಂಟ. ಎಷ್ಟು ಹೊತ್ತಿಗೆ ಎದ್ದು ಹೊರಟನೋ. ಇಳಿಯುವುದು ಹೇಗೆ? ಒಬ್ಬನೇ ಇಳಿಯಲಾರ. ಈಗಲೇ ತಿರುಗಲೇ? ಬರಿಗೈಯಲ್ಲಿ ಹೋದರೆ ಊರುಗೋಲಲ್ಲೇ ಹೊಡೆಯುತ್ತಾನೆ.

ದೀಪದ ಮೇಲೆ ಕೆಂಪು ಕೂರಿಸಿದೆ. ಲಂಗರು ಬಿಟ್ಟೆ. ಗಾಳ ತಳ ಮುಟ್ಟಿತು. ಒಂದು ಮೀನು ಸಾಕು. ಅದನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿ, ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸ—

ಬಂತು, ದಾರ ಎಳೀತಿ—